ಮಳೆಗಾಲದಲ್ಲಿ ಗಿಡ ಕೊಳೆತು ಸಾಯುತ್ತಿವೆ, ಉಪ್ಪು ಗಾಳಿಯೇ ಕಾರಣವಾ?

ಓದುಗರ ಪ್ರಶ್ನೆ: "ಕಾರವಾರದ ಸದಾಶಿವಗಡದಲ್ಲಿ ನಮ್ಮ ಮನೆ. ಸಮುದ್ರ ಅರ್ಧ ಕಿಲೋಮೀಟರ್ ಕೂಡ ಇಲ್ಲ. ನಾನು ಶಾಲೆಯಲ್ಲಿ ಕಲಿಸುತ್ತಿದ್ದೆ, ನಿವೃತ್ತಿಯಾದ ಮೇಲೆ ಮೂರು ವರ್ಷದ ಹಿಂದೆ ಈ ಹೊಸ ಮನೆ ಕಟ್ಟಿಸಿದೆವು. ಅಂಗಳದಲ್ಲಿ ಗಿಡ ಮಾಡಬೇಕೆಂದು ಬಹಳ ಆಸೆ. ಪ್ರತಿ ವರ್ಷ ಮೇ ಕೊನೆಗೆ ಗುಲಾಬಿ, ಮಲ್ಲಿಗೆ, ಕರಿಬೇವು, ಮೆಣಸಿನ ಗಿಡ ತರುತ್ತೇನೆ. ಅರ್ಧ ನೆಲದಲ್ಲಿ, ಅರ್ಧ ಕುಂಡದಲ್ಲಿ. ಜೂನ್‌ನಲ್ಲಿ ಚೆಂದ ಚಿಗುರುತ್ತವೆ. ಜುಲೈ ಮುಗಿಯುವುದರೊಳಗೆ ಎಲೆ ಹಳದಿಯಾಗಿ ಜೋತುಬೀಳುತ್ತವೆ, ಆಮೇಲೆ ಒಂದೊಂದೇ ಸಾಯುತ್ತವೆ. ಕಳೆದ ವರ್ಷ ಡಿಎಪಿ ಗೊಬ್ಬರ ಹಾಕಿದೆ, ಇನ್ನೂ ಬೇಗ ಸತ್ತವು. ಉಪ್ಪು ಗಾಳಿ, ಉಪ್ಪು ಮಣ್ಣು, ಇಲ್ಲಿ ಏನೂ ಬರುವುದಿಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಮಣ್ಣು ಪೂರ್ತಿ ತೆಗೆಸಿ ಬೇರೆ ಹಾಕಿಸಿ ಎಂದು ಇನ್ನೊಬ್ಬರು ಹೇಳಿದರು, ಅದಕ್ಕೆ ದುಡ್ಡು ಜಾಸ್ತಿ. ನನ್ನ ಕೈಗುಣವೇ ಸರಿ ಇಲ್ಲವೇನೋ ಅನಿಸುತ್ತಿದೆ. ಈಗ ಉಳಿದಿರುವುದು ಒಂದು ಲಿಂಬೆ ಗಿಡ ಮಾತ್ರ, ಅದರಲ್ಲೂ ನಾಲ್ಕೇ ಎಲೆ. ಅಂಗಳದ ಫೋಟೋ ಕಳಿಸಿದ್ದೇನೆ. ಈ ವರ್ಷ ಏನು ನೆಡಲಿ? ನೆಡುವುದೇ ಬೇಡವಾ?"

ಅಕ್ಕೋರೆ, ನೆಡಿ. ಖಂಡಿತ ನೆಡಿ. ಆದರೆ ಎಲ್ಲವನ್ನೂ ಈಗಲೇ ನೆಡಬೇಡಿ, ಈ ಸಲ ಗುಂಡಿಯಲ್ಲಂತೂ ಬೇಡವೇ ಬೇಡ.

ಕುಮಟಾದಲ್ಲಿ ನರ್ಸರಿ ನಡೆಸುತ್ತ ನನಗೆ 22 ವರ್ಷವಾಯಿತು. ಚೌತಿ ಹತ್ತಿರ ಬರುವಾಗ, ಪ್ರತಿ ವರ್ಷ, ಸತ್ತ ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಜನ ಬರುತ್ತಾರೆ. ಕಾರವಾರ, ಅಂಕೋಲಾ, ಹೊನ್ನಾವರ ಎಲ್ಲ ಕಡೆಯಿಂದ. ಎಲ್ಲರ ಮಾತೂ ನಿಮ್ಮ ಮಾತೇ, ಉಪ್ಪು ಗಾಳಿ ಇರಬೇಕು ಅಥವಾ ನಮ್ಮ ಕೈಗುಣ ಇರಬೇಕು ಅಂತ. ನಾನು ಗಿಡವನ್ನು ಚೀಲದಿಂದ ತೆಗೆದು ಎಲೆಯನ್ನು ನೋಡುವುದಿಲ್ಲ, ಬೇರನ್ನು ನೋಡುತ್ತೇನೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಮೇಲಿನ ಸಿಪ್ಪೆ ಕಂದು ಬಣ್ಣದ ಲೋಳೆಯ ಹಾಗೆ ಬೆರಳಿಗೆ ಬರುತ್ತದೆ, ಒಳಗಿನ ನಾರು ಮಾತ್ರ ದಾರದಂತೆ ಉಳಿಯುತ್ತದೆ. ಮೂಸಿದರೆ ಗಟಾರದ ವಾಸನೆ. ಹತ್ತು ಗಿಡದಲ್ಲಿ ಎಂಟು ಒಂಬತ್ತು ಗಿಡದ ಕತೆ ಇದೇ. ಒಳ್ಳೆಯ ಬೇರು ಬಿಳಿ ಇರುತ್ತದೆ, ಗಟ್ಟಿ ಇರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ಈ ವರ್ಷ ಯಾವುದಾದರೂ ಗಿಡ ಸಪ್ಪಗಾದರೆ ಮೊದಲು ಇದನ್ನು ನೋಡಿ, ಆಮೇಲೆ ಔಷಧಿ ಅಂಗಡಿಗೆ ಹೋಗಿ.

ಬೇರಿಗೆ ನೀರು ಬೇಕಾದ ಹಾಗೆ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದಿ ಇರುತ್ತವೆ, ಅಲ್ಲಿ ಗಾಳಿ ಇರುತ್ತದೆ. ಮಳೆ ಬಂದಾಗ ಆ ಸಂದಿಗಳಲ್ಲಿ ನೀರು ತುಂಬುತ್ತದೆ, ನೀರು ಕೆಳಗಿಳಿದಾಗ ಮತ್ತೆ ಗಾಳಿ ಬರುತ್ತದೆ. ನೀರು ಇಳಿಯದಿದ್ದರೆ? ಒಂದೆರಡು ದಿನದಲ್ಲೇ ಎಳೆ ಬೇರು ಉಸಿರು ಕಟ್ಟಿ ಸಾಯತೊಡಗುತ್ತವೆ. ಸತ್ತ ಬೇರಿಗೆ ಆಮೇಲೆ ಕೊಳೆ ಶಿಲೀಂಧ್ರ ಹತ್ತುತ್ತದೆ. ನಮ್ಮಲ್ಲಿ ಅಡಿಕೆಗೆ ಕೊಳೆ ರೋಗ ತರುವುದು, ಕಾಳುಮೆಣಸಿನ ಬಳ್ಳಿಯನ್ನು ಕೆಲವೇ ವಾರದಲ್ಲಿ ಒಣಗಿಸುವುದು ಫೈಟಾಫ್ತೊರಾ ಎನ್ನುವ, ಶಿಲೀಂಧ್ರದಂಥದೇ ಒಂದು ಜೀವಿಯ ಜಾತಿ. ಇದರ ಬೀಜಾಣು ನೀರಿನಲ್ಲಿ ಈಜುತ್ತ ಬೇರಿನಿಂದ ಬೇರಿಗೆ ಹೋಗುತ್ತದೆ. ನೀರು ನಿಂತರೆ ಅದಕ್ಕೆ ದಾರಿ ಮಾಡಿಕೊಟ್ಟ ಹಾಗೆ.

ಬೇರು ಸತ್ತ ಗಿಡಕ್ಕೆ ಸುತ್ತಲೂ ನೀರಿದ್ದರೂ ಕುಡಿಯಲು ಆಗುವುದಿಲ್ಲ. ಅದಕ್ಕೇ ಎಲೆ ಜೋತುಬೀಳುತ್ತದೆ. ಜೋತುಬಿದ್ದ ಎಲೆ ನೋಡಿ ನಾವು ಇನ್ನೊಂದು ತಂಬಿಗೆ ನೀರು ಹಾಕುತ್ತೇವೆ, ಇಲ್ಲ ಗೊಬ್ಬರ ಹಾಕುತ್ತೇವೆ. ನಿಮ್ಮ ಡಿಎಪಿ ಮಾಡಿದ ಕೆಲಸ ಇದು. ರಾಸಾಯನಿಕ ಗೊಬ್ಬರ ಎಂದರೆ ಒಂದು ಬಗೆಯ ಲವಣವೇ. ಅರೆಜೀವದ ಬೇರಿನ ಪಕ್ಕ ಅದನ್ನು ಹಾಕಿದರೆ ಬೇರು ಸುಡುತ್ತದೆ. ಉಳಿದದ್ದು ಮಳೆಗೆ ತೊಳೆದು ಗಟಾರ ಸೇರುತ್ತದೆ. ಬೇರು ಸರಿ ಇಲ್ಲದ ಗಿಡಕ್ಕೆ ಯಾವ ಗೊಬ್ಬರವೂ ಬೇಡ.

ಇನ್ನು ಉಪ್ಪಿನ ವಿಷಯ. ಪಕ್ಕದ ಮನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅವರು ಹೇಳುವ ಕಾಲ ತಪ್ಪು. ಉಪ್ಪು ಗಾಳಿಯ ಕಾಟ ನಮಗೆ ಜಾಸ್ತಿ ಇರುವುದು ಏಪ್ರಿಲ್, ಮೇ, ಜೂನ್ ಮೊದಲ ವಾರಗಳ ಗಾಳಿಯಲ್ಲಿ. ಆಗ ಎಲೆಯ ಅಂಚು ಕಂದಾಗಿ, ಗರಿಗರಿಯಾಗಿ ಸುಟ್ಟ ಹಾಗಾಗುತ್ತದೆ, ಅದೂ ಸಮುದ್ರಕ್ಕೆ ಮುಖ ಮಾಡಿದ ಕಡೆಯ ಎಲೆಗಳಲ್ಲಿ. ನಿಮ್ಮ ಗಿಡದಲ್ಲಿ ಆಗಿದ್ದು ಅದಲ್ಲ. ಇಡೀ ಎಲೆ ಹಳದಿಯಾಗಿ ಮೆತ್ತಗೆ ಜೋತುಬಿದ್ದಿತ್ತು, ಜುಲೈನಲ್ಲಿ. ನಮ್ಮ ಕರಾವಳಿಗೆ ವರ್ಷಕ್ಕೆ ಸುಮಾರು 3 ಸಾವಿರ ಮಿಲಿಮೀಟರ್ ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ಮಳೆ ಬಿದ್ದರೆ ಎಲೆ ಮೇಲಿನ ಉಪ್ಪೂ ಉಳಿಯುವುದಿಲ್ಲ, ಮೇಲ್ಮಣ್ಣಿನ ಉಪ್ಪೂ ಉಳಿಯುವುದಿಲ್ಲ. ಹಿನ್ನೀರಿನ ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಜನ ಭತ್ತ ಬೆಳೆಯುವುದು ಹೇಗೆ? ಮಳೆ ಉಪ್ಪನ್ನು ತೊಳೆಯುತ್ತದೆ ಎಂಬ ಲೆಕ್ಕದ ಮೇಲೇ ಅಲ್ವಾ. ನೀವು ಉಪ್ಪಿನ ಬಗ್ಗೆ ಯೋಚನೆ ಮಾಡಬೇಕಾದದ್ದು ಬೇಸಿಗೆಯಲ್ಲಿ, ಬಾವಿ ನೀರು ಸಪ್ಪೆಯೋ ಉಪ್ಪೋ ಎಂದು. ಏಪ್ರಿಲ್ ಕೊನೆಗೆ ಬಾವಿ ನೀರು ನಾಲಿಗೆಗೆ ಉಪ್ಪು ಅನಿಸಿದರೆ ಕುಂಡಕ್ಕೆ ಅದನ್ನು ಹಾಕಬೇಡಿ. ಗಾಳಿಗೆ ಒಂದು ಸಾಲು ದಾಸವಾಳ ಅಥವಾ ಕಣಗಿಲೆಯನ್ನು ಪಶ್ಚಿಮದ ಬದಿಗೆ ಬೇಲಿಯಂತೆ ಮಾಡಿದರೆ ಒಳಗಿನ ಗಿಡಗಳಿಗೆ ಬಹಳ ಆಸರೆಯಾಗುತ್ತದೆ.

ಅಂದಹಾಗೆ, ನಮ್ಮ ಚಿರೇಕಲ್ಲಿನ (ಕೆಂಪು ಮುರಕಲ್ಲಿನ) ನೆಲದಲ್ಲಿ ತೆಂಗು ನೆಡುವಾಗ ಹಿರಿಯರು ಗುಂಡಿಗೆ ಉಪ್ಪು ಹಾಕುತ್ತಿದ್ದರು. ಗಟ್ಟಿ ಕಲ್ಲುಮಣ್ಣು ಸಡಿಲವಾಗಲಿ ಎಂದು ಒಂದು ಗುಂಡಿಗೆ 2 ಕಿಲೋ ಉಪ್ಪು ಹಾಕುವ ಪದ್ಧತಿಯನ್ನು ತೆಂಗಿನ ತಜ್ಞರೂ ಹೇಳುತ್ತಾರೆ. ಅದು ತೆಂಗಿಗೆ ಮಾತ್ರ, ಅದೂ ನೆಡುವುದಕ್ಕೆ ತಿಂಗಳುಗಳ ಮುಂಚೆ. ಕಳೆದ ವರ್ಷ ಒಬ್ಬರು ಇದನ್ನು ಕೇಳಿಕೊಂಡು ಹೋಗಿ ಗುಲಾಬಿ ಗುಂಡಿಗೆ ಹಾಕಿದ್ದರು. ದಯವಿಟ್ಟು ಬೇಡ.

ಈಗ ನಿಮ್ಮ ಅಂಗಳಕ್ಕೆ ಬರೋಣ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಸುತ್ತಲೂ ಕಂಪೌಂಡ್ ಗೋಡೆ. ಗೇಟಿನಿಂದ ಮನೆಯವರೆಗೆ ಇಂಟರ್‌ಲಾಕ್. ಉಳಿದ ಜಾಗದಲ್ಲಿ ಕೆಂಪು ಮಣ್ಣು, ಅದು ಹೆಚ್ಚಾಗಿ ಪಾಯ ತೋಡಿದಾಗ ಬಂದ ಮಣ್ಣೇ ಇರಬೇಕು. ಜೆಸಿಬಿ ಓಡಾಡಿ, ಲಾರಿ ನಿಂತು, ಅದು ಒತ್ತಿ ಒತ್ತಿ ಗಟ್ಟಿಯಾಗಿದೆ. ಗೋಡೆಯ ಬುಡದಲ್ಲಿ ಹಸಿರು ಪಾಚಿಯ ಗೆರೆ ಕಾಣುತ್ತಿದೆ, ನೆಲದಿಂದ ನಾಲ್ಕು ಬೆರಳು ಮೇಲಕ್ಕೆ. ಅಷ್ಟು ಎತ್ತರ ನೀರು ನಿಲ್ಲುತ್ತದೆ ಎಂದು ಆ ಗೆರೆ ಹೇಳುತ್ತಿದೆ. ಗೋಡೆಯಲ್ಲಿ ನೀರು ಹೊರಹೋಗುವ ತೂತು ನನಗೆ ಒಂದೂ ಕಾಣಲಿಲ್ಲ.

ಇಂಥ ನೆಲದಲ್ಲಿ ಗುಂಡಿ ತೋಡಿದರೆ ಏನಾಗುತ್ತದೆ? ಗುದ್ದಲಿಯಲ್ಲಿ ಕಷ್ಟಪಟ್ಟು ಒಂದೂವರೆ ಅಡಿ ತೋಡುತ್ತೀರಿ. ಅದರಲ್ಲಿ ಒಳ್ಳೆಯ ಮಣ್ಣು, ಗೊಬ್ಬರ ತುಂಬುತ್ತೀರಿ. ಸುತ್ತಲಿನ ಗಟ್ಟಿ ನೆಲದ ನಡುವೆ ಆ ಗುಂಡಿ ಒಂದು ಬೋಗುಣಿ. ಅಂಗಳದ ನೀರೆಲ್ಲ ಮೆತ್ತಗಿರುವ ಆ ಜಾಗಕ್ಕೇ ಇಳಿಯುತ್ತದೆ, ಇಳಿದದ್ದು ಅಲ್ಲೇ ನಿಲ್ಲುತ್ತದೆ. ನೀವು ಎಷ್ಟು ಪ್ರೀತಿಯಿಂದ ಗುಂಡಿ ದೊಡ್ಡದು ಮಾಡುತ್ತೀರೋ ಬೋಗುಣಿ ಅಷ್ಟೇ ದೊಡ್ಡದಾಗುತ್ತದೆ. ಮಣ್ಣು ತೆಗೆಸಿ ಬೇರೆ ಮಣ್ಣು ಹಾಕಿಸುವುದೂ ಇದೇ ತಪ್ಪು, ಇಡೀ ಅಂಗಳವನ್ನೇ ಬೋಗುಣಿ ಮಾಡಿದ ಹಾಗೆ. ಆ ದುಡ್ಡು ಖರ್ಚು ಮಾಡಬೇಡಿ.

ನಂಬಿಕೆ ಬರದಿದ್ದರೆ ಮಳೆ ಹಿಡಿಯುವ ಮುಂಚೆ, ಈ ವಾರವೇ, ಒಂದು ಪರೀಕ್ಷೆ ಮಾಡಿ. ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಒಂದು ಕಡ್ಡಿ ನಿಲ್ಲಿಸಿ ಗುರುತು ಮಾಡಿ. ಎರಡನೇ ಸಲ ಗಂಟೆಗೆ ಒಂದು ಇಂಚಿನ ಹಾಗೆ ಇಳಿದರೆ ನೆಲ ಪರವಾಗಿಲ್ಲ. ರಾತ್ರಿ ತುಂಬಿದ ನೀರು ಬೆಳಿಗ್ಗೆ ಹಾಗೇ ಇದ್ದರೆ ಅಲ್ಲಿ ಬಾಳೆ, ಕೆಸು ಬಿಟ್ಟು ಬೇರೆ ಏನನ್ನೂ ನೆಲದ ಮಟ್ಟದಲ್ಲಿ ನೆಡಬಾರದು. ಬಾಳೆಯನ್ನೂ ಕೊಂಚ ಎತ್ತರಿಸಿಯೇ ನೆಡಬೇಕು.

ಮತ್ತೇನು ಮಾಡುವುದು? ಶಿರಸಿ, ಸಿದ್ದಾಪುರದ ಅಡಿಕೆ ತೋಟ ನೋಡಿದ್ದೀರಲ್ಲ. ಅಲ್ಲಿಯೂ ಮಳೆ ಕಡಿಮೆಯೇನಲ್ಲ, ತೋಟ ಇರುವುದು ಕಣಿವೆಯಲ್ಲಿ, ಗುಡ್ಡದ ನೀರೆಲ್ಲ ಅಲ್ಲಿಗೇ ಬರುತ್ತದೆ. ಆದರೂ ಮರ ನಿಂತಿವೆ. ಯಾಕೆಂದರೆ ಸಾಲುಗಳ ನಡುವೆ ಕಾದಿಗೆ (ಬಸಿಗಾಲುವೆ) ಇದೆ, ನೀರು ಬಸಿದು ಹೊರಗೆ ಹರಿಯುತ್ತದೆ. ಮಳೆಗಾಲದ ಮುಂಚೆ ಕಾದಿಗೆ ಎತ್ತಿ ಸ್ವಚ್ಛ ಮಾಡದ ತೋಟದಲ್ಲಿ ಮರ ಹಳದಿಗಟ್ಟುವುದನ್ನೂ ನಾನು ನೋಡಿದ್ದೇನೆ. ನಿಮ್ಮ ಅಂಗಳಕ್ಕೂ ಅದೇ ಬೇಕು, ಸಣ್ಣ ಪ್ರಮಾಣದಲ್ಲಿ.

ಮೊದಲ ಕೆಲಸ, ಗೋಡೆಯ ತಗ್ಗಿನ ಕಡೆ ನೆಲದ ಮಟ್ಟದಲ್ಲಿ ಎರಡು ಕಡೆ ತೂತು ಕೊರೆಸಿ ಪಿವಿಸಿ ಪೈಪು ಇಡಿಸಿ, ರಸ್ತೆ ಬದಿಯ ಗಟಾರಕ್ಕೆ ಹೋಗುವಂತೆ. ಪಕ್ಕದ ಮನೆಯ ಅಂಗಳಕ್ಕೆ ಬಿಡಬೇಡಿ, ಆಮೇಲೆ ಮಾತಿಗೆ ಮಾತು ಬೆಳೆಯುತ್ತದೆ. ಎರಡನೆಯದು, ಗೋಡೆಯ ಉದ್ದಕ್ಕೂ ಅರ್ಧ ಅಡಿ ಆಳದ ಕಾದಿಗೆ ತೆಗೆಸಿ ಆ ಪೈಪಿನ ಕಡೆಗೆ ಇಳಿಜಾರು ಕೊಡಿಸಿ. ತೆಗೆದ ಮಣ್ಣನ್ನು ಎಸೆಯಬೇಡಿ. ಅದಕ್ಕೆ ಕಾಂಪೋಸ್ಟ್, ದರಕು (ಉದುರಿದ ಒಣ ಎಲೆ), ಸ್ವಲ್ಪ ಮರಳು ಸೇರಿಸಿ ನೆಲದ ಮೇಲೆ ಒಂದೂವರೆ ಅಡಿ ಎತ್ತರ, ಮೂರು ಅಡಿ ಅಗಲದ ಏರುಮಡಿ ಮಾಡಿ. ಮಡಿಯ ಅಂಚಿಗೆ ಚಿರೇಕಲ್ಲು ಸುಮ್ನೆ ಜೋಡಿಸಿದರೆ ಸಾಕು, ಸಿಮೆಂಟ್ ಹಚ್ಚಬೇಡಿ, ಸಂದಿಯಲ್ಲಿ ನೀರು ಹೋಗಲಿ. ಮಡಿ ಹಾಕುವ ಮುಂಚೆ ಕೆಳಗಿನ ಗಟ್ಟಿ ನೆಲವನ್ನು ಪಿಕಾಸಿಯಿಂದ ಒಮ್ಮೆ ಕೆದಕಿಸಿ. ಒಬ್ಬ ಆಳು ಎರಡು ದಿನದಲ್ಲಿ ಮಾಡುವ ಕೆಲಸ ಇದು. ಇದರಲ್ಲಿ ಒಂದು ಅಪಾಯ ಇದೆ, ಹೇಳಿಬಿಡುತ್ತೇನೆ. ಹೊಸ ಮಡಿ ಮೊದಲ ಜೋರು ಮಳೆಗೆ ಕೊಚ್ಚಿಹೋಗಬಹುದು. ಅದಕ್ಕೆ ಮೇಲೆ ದರಕು ಅಥವಾ ಕರಡ (ಒಣ ಹುಲ್ಲು) ದಪ್ಪಗೆ ಹರವಿ, ಅದರ ಮೇಲೆ ತೆಂಗಿನ ಮಡಲು ಹೇರಿಡಿ. ಗಿಡದ ಬುಡದ ಸುತ್ತ ನಾಲ್ಕು ಬೆರಳು ಜಾಗ ಮಾತ್ರ ಖಾಲಿ ಬಿಡಿ, ಕಾಂಡಕ್ಕೆ ಒದ್ದೆ ಎಲೆ ತಾಗಿಕೊಂಡಿದ್ದರೆ ಅಲ್ಲೇ ಕೊಳೆಯುತ್ತದೆ. ಸಮುದ್ರದ ದಂಡೆಯ ಮರಳು ತರಬೇಡಿ. ಅದು ಉಪ್ಪು.

ಕುಂಡಗಳ ವಿಷಯ ಬೇರೆ. ಎಲ್ಲರೂ ಕುಂಡದ ತಳಕ್ಕೆ ಜಲ್ಲಿಕಲ್ಲು, ಹಂಚಿನ ಚೂರು ಹಾಕುತ್ತಾರೆ, ನೀರು ಚೆನ್ನಾಗಿ ಬಸಿಯುತ್ತದೆ ಎಂದು. ನಾನೂ ಮೊದಲ ಹತ್ತು ವರ್ಷ ಗಿರಾಕಿಗಳಿಗೆ ಇದನ್ನೇ ಹೇಳಿದ್ದೆ, ಅದು ತಪ್ಪು. ಸಣ್ಣ ಕಣದ ಮಣ್ಣಿನಿಂದ ನೀರು ಕಲ್ಲಿನ ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ, ಮೇಲಿನ ಮಣ್ಣು ಪೂರ್ತಿ ನೀರು ಕುಡಿದು ತುಂಬಿದ ಮೇಲೆಯೇ ಇಳಿಯುವುದು. ಹಾಗಾಗಿ ಕಲ್ಲು ಹಾಕಿದರೆ ನೀರು ನಿಲ್ಲುವ ಪದರ ಬೇರಿಗೆ ಇನ್ನೂ ಹತ್ತಿರ ಬರುತ್ತದೆ, ಅಷ್ಟೇ. ಪಾತ್ರೆ ತೊಳೆಯುವ ಸ್ಪಾಂಜನ್ನು ಒದ್ದೆ ಮಾಡಿ ಅಡ್ಡ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ, ಮತ್ತೆ ನೀರು ಸುರಿಯುತ್ತದೆ. ಕುಂಡ ಎತ್ತರ ಇದ್ದಷ್ಟೂ ನೀರು ಚೆನ್ನಾಗಿ ಬಸಿಯುತ್ತದೆ ಎನ್ನುವುದಕ್ಕೆ ಇದೇ ಸಾಕ್ಷಿ. ಅಗಲದ ಗಿಡ್ಡ ಕುಂಡ ಮಳೆಗಾಲಕ್ಕೆ ಆಗಿಬರುವುದಿಲ್ಲ.

ತಳದ ತೂತಿಗೆ ಹಳೇ ಸೊಳ್ಳೆ ಪರದೆಯ ಒಂದು ತುಂಡು ಇಡಿ, ಮಣ್ಣು ಹೋಗುವುದಿಲ್ಲ, ನೀರು ಹೋಗುತ್ತದೆ. ಒಂದೇ ತೂತು ಇದ್ದರೆ ಇನ್ನು ನಾಲ್ಕು ಮಾಡಿ. ಕೆಳಗಿನ ತಟ್ಟೆಗಳನ್ನು ಮೇ ಕೊನೆಗೆ ಎತ್ತಿ ಒಳಗಿಡಿ, ಅಕ್ಟೋಬರ್ ತನಕ ಅವುಗಳ ಕೆಲಸ ಇಲ್ಲ. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಇಡಿ. ಮಳೆಗಾಲದ ಕುಂಡಕ್ಕೆ ತೆಂಗಿನ ನಾರಿನ ಪುಡಿ ಜಾಸ್ತಿ ಬೇಡ, ಅದು ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿದುಕೊಳ್ಳುತ್ತದೆ. ಬೇಸಿಗೆಗೆ ಒಳ್ಳೆಯದು, ಜುಲೈಗೆ ಅಲ್ಲ. ನಾನು ಹಾಕುವುದು ಒಂದು ಪಾಲು ಮಣ್ಣು, ಒಂದು ಪಾಲು ಪೂರ್ತಿ ಕಳಿತ ಕಾಂಪೋಸ್ಟ್, ಒಂದು ಪಾಲು ದಪ್ಪ ಮರಳು ಅಥವಾ ಎಂ-ಸ್ಯಾಂಡ್‌ನ ದಪ್ಪ ಕಣ. ಹಸಿ ಸಗಣಿ ಬೇಡ. ನಾಲ್ಕೈದು ದಿನ ಎಡೆಬಿಡದೆ ಮಳೆ ಹೊಡೆಯುವಾಗ ಗುಲಾಬಿಯ ಕುಂಡವನ್ನು ಒಂದು ಬದಿಗೆ ಓರೆಯಾಗಿ ಮಲಗಿಸಿಬಿಡಿ. ನೋಡಲು ಚೆಂದ ಇರುವುದಿಲ್ಲ, ಗಿಡ ಬದುಕುತ್ತದೆ.

ಇಲ್ಲಿ ನಾವು ನರ್ಸರಿಯವರು ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಹೂಬಿಟ್ಟು ನಿಂತಿರುವ ಗುಲಾಬಿ, ಅಲಂಕಾರದ ಗಿಡ ಎಲ್ಲ ಇಲ್ಲಿ ಬೆಳೆದದ್ದಲ್ಲ. ಲಾರಿಯಲ್ಲಿ ಆಂಧ್ರದ ಕಡಿಯಂನಿಂದ, ಪುಣೆಯ ಕಡೆಯಿಂದ ಬರುತ್ತವೆ. ಅಲ್ಲಿ ನೆರಳು ಬಲೆಯ ಕೆಳಗೆ, ಲೆಕ್ಕ ಹಾಕಿ ನೀರು ಕೊಟ್ಟು ಬೆಳೆಸಿರುತ್ತಾರೆ. ಪುಣೆಯಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ನಮ್ಮ ಕಾರವಾರದಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. ಬೇರಿನ ಸುತ್ತ ಜಿಗುಟು ಮಣ್ಣಿನ ಉಂಡೆ ಇರುತ್ತದೆ, ಇಲ್ಲವೇ ನಾರಿನ ಪುಡಿಯ ಮುದ್ದೆ. ಅಂಥ ಗಿಡವನ್ನು ಮೇ 28ಕ್ಕೆ ತಂದು 30ಕ್ಕೆ ನೆಟ್ಟು ಜೂನ್ 8ಕ್ಕೆ ಮೃಗಶಿರ ಮಳೆಗೆ ಒಡ್ಡಿದರೆ ಅದು ಬದುಕುವುದು ಕಷ್ಟ. ಜೂನ್‌ನಲ್ಲಿ ಚಿಗುರುತ್ತದೆ ಅಂತ ನೀವು ಬರೆದಿದ್ದೀರಲ್ಲ, ಅದು ಕಾಂಡದಲ್ಲಿ ಕೂಡಿಟ್ಟಿದ್ದ ಶಕ್ತಿಯಿಂದ ಬಂದ ಚಿಗುರು. ಬೇರು ಇನ್ನೂ ಉಂಡೆಯಿಂದ ಹೊರಗೇ ಬಂದಿರುವುದಿಲ್ಲ. ನಮ್ಮ ಕಡೆ "ಮಳೆ ಬಿದ್ದ ಮೇಲೆ ನೆಡಿ, ನೀರು ಹಾಕುವ ತಾಪತ್ರಯ ಇಲ್ಲ" ಎಂದು ಎಲ್ಲರಿಗೂ ಒಂದೇ ಮಾತು ಹೇಳುತ್ತೇವೆ. ಆ ಮಾತು ಮಾವು, ತೆಂಗು, ದಾಸವಾಳಕ್ಕೆ ಸರಿ. ಗುಲಾಬಿಗೆ ಸರಿಯಲ್ಲ. ನನ್ನಲ್ಲಿ ಈಗ ಜೂನ್‌ನಲ್ಲಿ ಗುಲಾಬಿ ಕೇಳಿದವರಿಗೆ ಹಸ್ತ ಮಳೆ ಮುಗಿಯಲಿ, ಆಮೇಲೆ ಬನ್ನಿ ಎಂದೇ ಹೇಳುತ್ತೇನೆ. ಕೆಲವರು ಬೇರೆ ಕಡೆ ಹೋಗಿ ತರುತ್ತಾರೆ. ಹೋಗಲಿ.

ಹಾಗಾದರೆ ಈಗ ಏನು ನೆಡುವುದು ಎಂದಿರಿ. ನಮ್ಮ ಮಳೆಗೆ ಹುಟ್ಟಿದಂಥ ಗಿಡಗಳು ಬೇಕಾದಷ್ಟಿವೆ. ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ 25ರ ನಂತರ, ಬೆಂಡೆ, ಹೀರೆ, ಪಡವಲ, ಹಾಗಲ, ಮೊಗೆಯ (ಸಾಂಬಾರ್ ಸೌತೆಯ) ಬೀಜಗಳನ್ನು ಏರುಮಡಿಯ ಮೇಲೆ ಊರಿ. ಬಳ್ಳಿಗೆ ಚಪ್ಪರ ಈಗಲೇ ಗಟ್ಟಿಯಾಗಿ ಹಾಕಿಸಿ, ಜುಲೈ ಗಾಳಿಯಲ್ಲಿ ಹಾಕಲು ಆಗುವುದಿಲ್ಲ. ಚೌತಿಯಲ್ಲಿ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಮನೆಯದೇ ಹೀರೆ, ಮೊಗೆ, ಹಾಗಲ ಕಟ್ಟಬಹುದು. ಮಾರ್ಕೆಟ್‌ನಿಂದ ತಂದು ಕಟ್ಟುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ, ಒಂದು ಸಲ ಮಾಡಿ ನೋಡಿ. ಶುಂಠಿ, ಅರಿಶಿನ ಈಗಲೇ, ಮಡಿಯ ಮೇಲೆ. ಕೆಸು ತಗ್ಗಿನ ಕಡೆ, ಕಾದಿಗೆಯ ಅಂಚಿಗೆ. ಒಂದೆಲಗ ಅಲ್ಲೇ ಪಕ್ಕದಲ್ಲಿ, ತಂಬುಳಿಗೆ ಬೇಕೇ ಬೇಕಲ್ಲ. ದಾಸವಾಳ, ಕ್ರೋಟನ್, ನಂದಿಬಟ್ಟಲು ದುಡ್ಡು ಕೊಟ್ಟು ತರಬೇಡಿ. ಜೂನ್ ಎರಡನೇ ವಾರ ಯಾರದಾದರೂ ಮನೆಯಿಂದ ಪೆನ್ಸಿಲ್ ದಪ್ಪದ ಕಡ್ಡಿ, ಒಂದು ಗೇಣು ಉದ್ದ ಕತ್ತರಿಸಿ ತಂದು ಊರಿ. ಹತ್ತು ಊರಿದರೆ ಏಳು ಹಿಡಿಯುತ್ತವೆ. ಹೂವು ಬೇಕೇ ಬೇಕು ಅಂದರೆ ಡೇರೆ (ಡೇಲಿಯಾ) ಗಡ್ಡೆ ಹಾಕಿ ನೋಡಿ. ಶಿರಸಿ ಕಡೆಯ ಮನೆಗಳ ಅಂಗಳದಲ್ಲಿ ಮಳೆಗಾಲವಿಡೀ ಡೇರೆ ಹೂವೇ ಹೂವು, ನೋಡಲು ಎರಡು ಕಣ್ಣು ಸಾಲದು. ಕರಾವಳಿಯ ಸೆಕೆಗೆ ಘಟ್ಟದ ಮೇಲಿನಷ್ಟು ದೊಡ್ಡ ಹೂ ಬರುವುದಿಲ್ಲ. ಗಡ್ಡೆ ಕೊಳೆಯುವ ಅಪಾಯವೂ ಇದೆ, ಹಾಗಾಗಿ ಎತ್ತರದ ಕುಂಡದಲ್ಲಿ ಎರಡೇ ಗಡ್ಡೆಯಿಂದ ಶುರು ಮಾಡಿ.

ಹಣ್ಣಿನ ಕಸಿ ಗಿಡ ನೆಡುವುದಾದರೆ ಮಡಿ ಮಾಡಿ ಜೂನ್ ಮೊದಲ ಹದ ಮಳೆಗೆ ನೆಡಿ. ಅಂಕೋಲೆಯ ಕರಿ ಇಶಾಡು ಮಾವಿನ ಕಸಿ ಸಿಕ್ಕರೆ ಬಿಡಬೇಡಿ, ನಮ್ಮ ಮಣ್ಣು, ನಮ್ಮ ಗಾಳಿಗೆ ಒಗ್ಗಿದ ಜಾತಿ ಅದು. ಕಸಿ ಕಟ್ಟಿದ ಗಂಟು ಮಣ್ಣಿನಿಂದ ಅರ್ಧ ಅಡಿಯಾದರೂ ಮೇಲಿರಲಿ.

ಗುಲಾಬಿ, ಮೆಣಸು, ಟೊಮೆಟೊ, ಬದನೆ, ಹರಿವೆ, ಮೂಲಂಗಿ, ಬಸಳೆ, ಸೇವಂತಿಗೆ, ಅಬ್ಬಲಿಗೆ ಇವೆಲ್ಲ ಮಳೆ ಹಿಂದೆ ಸರಿದ ಮೇಲೆ. ಹಸ್ತ ಮಳೆ ಸೆಪ್ಟೆಂಬರ್ 27ರ ಸುಮಾರಿಗೆ ಶುರು. ಅದು ಮುಗಿದು ಚಿತ್ತೆ ಬರುವಾಗ, ಅಕ್ಟೋಬರ್ ಎರಡನೇ ವಾರ, ನೆಡಲು ಹದ. ಮೆಣಸು, ಬದನೆಯ ಸಸಿ ಮಡಿ ಮಾತ್ರ ಸೆಪ್ಟೆಂಬರ್ ಮಧ್ಯದಲ್ಲೇ ಸೂರಿನ ಕೆಳಗೆ ಮಾಡಿಕೊಳ್ಳಿ. ಕರಾವಳಿಯ ತರಕಾರಿ ಕಾಲ ನಿಜವಾಗಿ ಅಕ್ಟೋಬರ್‌ನಿಂದ ಮಾರ್ಚ್. ಅಂಕೋಲಾ, ಗೋಕರ್ಣ ಕಡೆ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ತರಕಾರಿ ತಂದು ಮಾರುವುದು ನೋಡಿದ್ದೀರಲ್ಲ, ಮಳೆ ಹೋದ ಮೇಲೆಯೇ ಅವರ ಬುಟ್ಟಿಯಲ್ಲಿ ಹರಿವೆ, ಮೂಲಂಗಿ, ಬದನೆ ತುಂಬುವುದು. ನಮ್ಮ ಕುಮಟಾದ ಸಿಹಿ ಈರುಳ್ಳಿಯೂ ಮಳೆ ಹೋದ ಮೇಲಿನ ಬೆಳೆಯೇ, ಬೇಸಿಗೆಯಲ್ಲಿ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿರುತ್ತಾರೆ. ನೆಡುವ ಕಾಲವನ್ನು ಅವರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಮಲ್ಲಿಗೆ ಈ ಎರಡರ ನಡುವೆ ಇದೆ. ಭಟ್ಕಳದಲ್ಲಿ ಅಷ್ಟು ಚೆಂದ ಮಲ್ಲಿಗೆ ಬರುತ್ತದೆ, ಅದೂ ಇದೇ ಕರಾವಳಿ, ಇದೇ ಮಳೆ, ಇದೇ ಉಪ್ಪು ಗಾಳಿ. ಬುಡದಲ್ಲಿ ನೀರು ನಿಲ್ಲಬಾರದು, ಅಷ್ಟೇ ಅದರ ಹಟ. ನಿಮಗೆ ತಾಳ್ಮೆ ಇದ್ದರೆ ಅಕ್ಟೋಬರ್ ತನಕ ಕಾಯಿರಿ. ಇಲ್ಲ ಈಗಲೇ ಬೇಕು ಅಂದರೆ ಎರಡು ಗಿಡ ಮಡಿಯ ಅತಿ ಎತ್ತರದ ಜಾಗದಲ್ಲಿ ನೆಡಿ. ಒಂದು ಹೋಗಬಹುದು ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ.

ಕುಂಡಗಳಿಗೆ ಮೇಲೆ ಶೀಟು ಹಾಕಿಸಬಹುದಾ ಎಂದು ಹಲವರು ಕೇಳುತ್ತಾರೆ. ಹಾಕಿಸಬಹುದು, ಪಾರದರ್ಶಕ ಶೀಟು ಇರಬೇಕು. ಆದರೆ ಸಮುದ್ರದ ಹತ್ತಿರ ಜೂನ್ ಗಾಳಿಗೆ ಅದು ಹಾರಿಹೋಗಿ ಯಾರ ಮೇಲಾದರೂ ಬಿದ್ದರೆ ಕಷ್ಟ. ಕಬ್ಬಿಣಕ್ಕೆ ಉಪ್ಪು ಗಾಳಿಯಲ್ಲಿ ತುಕ್ಕು ಬೇಗ. ಹತ್ತು ಹನ್ನೆರಡು ಕುಂಡಕ್ಕೆ ಅಷ್ಟು ಖರ್ಚು ಬೇಡ, ಮನೆಯ ಸೂರಿನ ಕೆಳಗೆ, ಬೆಳಕು ಬೀಳುವ ಪೂರ್ವದ ಬದಿಗೆ ಸರಿಸಿ. ಸೂರಿನ ನೀರು ನೇರ ಕುಂಡಕ್ಕೆ ಬೀಳದ ಹಾಗೆ ನೋಡಿಕೊಳ್ಳಿ.

ಔಷಧಿ ಬಗ್ಗೆಯೂ ಹೇಳಬೇಕು. ಕೊಳೆಗೆ ನಮ್ಮ ಕಡೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣದ ಬೋರ್ಡೋ ದ್ರಾವಣ ಎಲ್ಲರಿಗೂ ಗೊತ್ತು. ಮನೆ ಮಟ್ಟಿಗೆ 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರ್‌ನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಪ್ಲಾಸ್ಟಿಕ್ ಬಕೆಟ್ ಮಾತ್ರ. ತೊಳೆದ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಕಡಿಮೆಯಾಗಿದೆ ಅಂತ ಅರ್ಥ, ಇನ್ನೂ ಸೇರಿಸಿ. ಅದೇ ದಿನ ಬಳಸಿ ಮುಗಿಸಬೇಕು. ಎಳೆ ಚಿಗುರಿನ ಗಿಡಕ್ಕೆ ಇದರ ಅರ್ಧದಷ್ಟು ಮೈಲುತುತ್ತ, ಅರ್ಧದಷ್ಟು ಸುಣ್ಣ ಸಾಕು, ಇಲ್ಲದಿದ್ದರೆ ಎಲೆ ಸುಡುತ್ತದೆ. ಇಷ್ಟೆಲ್ಲ ಕೆಲಸ ಬೇಡ ಅನಿಸಿದರೆ ಕಾಪರ್ ಆಕ್ಸಿಕ್ಲೋರೈಡ್, 1 ಲೀಟರಿಗೆ 3 ಗ್ರಾಂ, ಬುಡಕ್ಕೆ ಹೊಯ್ಯಬಹುದು. ಎರಡೂ ರೋಗ ಬರುವ ಮುಂಚಿನ ಕಾವಲು ಮಾತ್ರ. ಅಡಿಕೆಯವರು ಮಳೆ ಹಿಡಿಯುವ ಮುಂಚೆಯೇ ಒಮ್ಮೆ ಹೊಡೆದು, 40-45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯುವುದು ಅದಕ್ಕೇ. ಕೊಳೆತ ಬೇರನ್ನು ಯಾವ ಔಷಧಿಯೂ ಮತ್ತೆ ಹುಟ್ಟಿಸುವುದಿಲ್ಲ. ನೀರು ನಿಂತಿರುವ ಕಡೆ ಔಷಧಿ ಹೊಯ್ದರೆ ಅದು ದುಡ್ಡು ನೀರಿಗೆ ಹಾಕಿದ ಹಾಗೆಯೇ. ಕೊಳೆ ತಡೆಯಲು ಕಾಂಪೋಸ್ಟ್‌ಗೆ ಟ್ರೈಕೋಡರ್ಮಾ ಬೆರೆಸುವವರು ತಾಮ್ರದ ಔಷಧಿಯನ್ನು ಅದರ ಜೊತೆ ಬಳಸಬೇಡಿ, ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ, ಅದೂ ಸಾಯುತ್ತದೆ. ಕನಿಷ್ಠ ಹದಿನೈದು ದಿನ ಅಂತರ ಇರಲಿ.

ಬಸವನ ಹುಳುವಿಗೆ ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಸರಿ. ಪಪ್ಪಾಯಿ ಎಲೆ ಒಂದು ಮೂಲೆಯಲ್ಲಿ ಹಾಕಿಟ್ಟರೆ ಅಲ್ಲಿಗೆ ಬಂದು ಸೇರುತ್ತವೆ. ಗಿಡದ ಬುಡಕ್ಕೆ ಉಪ್ಪು ಎರಚಬೇಡಿ.

ಮಳೆ ಮುಗಿದ ಮೇಲೆ ಒಂದು ಕೆಲಸ ನೆನಪಿಟ್ಟುಕೊಳ್ಳಿ. ನಮ್ಮ ಕೆಂಪು ಮಣ್ಣು ಮೊದಲೇ ಹುಳಿ. ಮೇಲಿಂದ ಅಷ್ಟು ಮಳೆ ಬಿದ್ದು ಸುಣ್ಣದ ಅಂಶ, ಪೊಟ್ಯಾಷ್ ಎಲ್ಲ ತೊಳೆದುಹೋಗಿರುತ್ತದೆ. ಅಕ್ಟೋಬರ್ ಆರಂಭಕ್ಕೆ ಮಡಿಗೆ ಚದರ ಮೀಟರಿಗೆ ಸುಮಾರು 100 ಗ್ರಾಂ ಕೃಷಿ ಸುಣ್ಣ ಬೆರೆಸಿ. ಅಘನಾಶಿನಿಯ ಬೆಳಚಿನ ಚಿಪ್ಪಿನಿಂದ ಮಾಡಿದ ಸುಣ್ಣ ಸಿಕ್ಕರೂ ಆಗುತ್ತದೆ, ಅದು ಸುಟ್ಟ ಸುಣ್ಣವಾದ್ದರಿಂದ ಖಾರ ಜಾಸ್ತಿ, ಅರ್ಧದಷ್ಟೇ ಹಾಕಿ. ಹದಿನೈದು ಇಪ್ಪತ್ತು ದಿನ ಬಿಟ್ಟು ಗೊಬ್ಬರ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಲೆಕ್ಕ ಸರಿಯಾಗಿ ಬೇಕು ಅಂದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಪರೀಕ್ಷೆಗೆ ಕೊಡಿ.

ಕೊನೆಗೆ ನಿಮ್ಮ ಲಿಂಬೆ ಗಿಡ. ನಾಲ್ಕೇ ಎಲೆ ಉಳಿದಿದ್ದರೂ ಮೂರು ಮಳೆಗಾಲ ಕಂಡ ಗಿಡ ಅದು, ಕಿತ್ತು ಎಸೆಯಬೇಡಿ. ಉಗುರಿನಿಂದ ಕಾಂಡದ ತೊಗಟೆಯನ್ನು ಸ್ವಲ್ಪವೇ ಕೆರೆದು ನೋಡಿ, ಒಳಗೆ ಹಸಿರು ಇದ್ದರೆ ಜೀವ ಇದೆ. ಫೋಟೋದಲ್ಲಿ ಬುಡಕ್ಕೆ ಮಣ್ಣು ಏರಿಸಿದ್ದು ಕಾಣುತ್ತಿದೆ, ಕಸಿ ಗಂಟು ಒಳಗೆ ಹೂತುಹೋಗಿದೆ. ನಾಳೆ ಬೆಳಿಗ್ಗೆಯೇ ಆ ಮಣ್ಣನ್ನು ಕೈಯಿಂದ ಸರಿಸಿ, ಮೊದಲ ದಪ್ಪ ಬೇರು ಕಾಣುವವರೆಗೆ. ತೊಗಟೆಯಲ್ಲಿ ಅಂಟು ಒಸರುತ್ತಿದ್ದರೆ ಆ ಭಾಗವನ್ನು ಚೂರಿಯಿಂದ ಹಸಿರು ಕಾಣುವವರೆಗೆ ಕೆರೆದು ಮೈಲುತುತ್ತ ಸುಣ್ಣವನ್ನು ಗಟ್ಟಿ ಪೇಸ್ಟಿನ ಹಾಗೆ ಕಲಸಿ ಹಚ್ಚಿ. ಒಣಗಿದ ಕಡ್ಡಿ ಕತ್ತರಿಸಿ. ಬುಡದಿಂದ ಎರಡು ಅಡಿ ಆಚೆ ಒಂದು ಸಣ್ಣ ಕಾದಿಗೆ ತೋಡಿ ದೊಡ್ಡ ಕಾದಿಗೆಗೆ ಸೇರಿಸಿ. ಗೊಬ್ಬರ ಏನೂ ಹಾಕಬೇಡಿ. ಚಿಗುರು ಬರಲು ಒಂದೂವರೆ ತಿಂಗಳು ಹಿಡಿಯಬಹುದು, ಬಂದರೆ ಅದರದ್ದೂ ಒಂದು ಫೋಟೋ ಕಳಿಸಿ.